ಮುಕ್ಕಾಲು ಅಂಗುಲ

ಒರಿಸಿಯಾ ಕೋಬೆಲ್‌ಗೆ ಮೈದುನ ಝೆನಾನ್‌ನನ್ನು ಕಂಡರೆ ಆಗುತ್ತಿರಲಿಲ್ಲ. ಅದನ್ನು ಮುಚ್ಚಿಡುವ ಗೋಜಿಗೆ ಅವಳು ಹೋದವಳೂ ಅಲ್ಲ. ಈಸ್ಟರ್ ದಿನ ಇಗರ್ಜಿಯ ಅಂಗಳದಲ್ಲಿ ಪಾದ್ರಿ ನೀರು ಚಿಮುಕಿಸಲೆಂದು ಎಲ್ಲರೂ ರೊಟ್ಟಿ, ಮೊಟ್ಟೆಯ ಬುಟ್ಟಿಗಳನ್ನು ಸಾಲಾಗಿ ಇಡುತ್ತಾರಲ್ಲ, ಆಗಲೂ ಅವನ ಬುಟ್ಟಿಯಿಂದ ನಾಲ್ಕು ಬುಟ್ಟಿ ದೂರಕ್ಕೆ ತನ್ನದನ್ನು ಸರಿಸಿ ಇಡುತ್ತಿದ್ದಳು. ಅವನ ಬುಟ್ಟಿಯನ್ನು ಕಟ್ಟಿಕೊಟ್ಟವಳೂ ಅವಳೇ ಎನ್ನುವುದು ಬೇರೆ ಮಾತು. ಝೆನಾನ್ ಮದುವೆಯಾಗಿರಲಿಲ್ಲ. ಅಂಗಳದ ಆಚೆ ತುದಿಯ ಹಳೆಯ ಮನೆಯಲ್ಲಿ ಮಲಗುತ್ತಿದ್ದ, ಅಣ್ಣನ ಮನೆಯಲ್ಲಿ ಉಣ್ಣುತ್ತಿದ್ದ. ಇಪ್ಪತ್ತಾರು ವರ್ಷ ಅವಳ ಕೈಯ ಬೀಟ್‌ರೂಟ್ ಸಾರು ಕುಡಿದು, ಒಂದು ದಿನವೂ ತಟ್ಟೆ ಎತ್ತಿ ತೊಟ್ಟಿಗೆ ಹಾಕಿದವನಲ್ಲ.

ಜಗಳದ ಮೂಲ ತಟ್ಟೆಯಲ್ಲ, ಮಣ್ಣು.

ಸಸ್ಕ್ಯಾಚೆವಾನ್ ಪ್ರಾಂತ್ಯದ ನಮ್ಮ ದಿಬ್ರೋವಾ ಊರಿನ ಕಡೆ ಗೋಧಿ ಬಿತ್ತುವುದು ಯಾವ ಪೆದ್ದನಿಗೂ ಬರುತ್ತದೆ. ಗೋಧಿ ದಪ್ಪ ಕಾಳು. ಎರಡು ಅಂಗುಲ ಆಳಕ್ಕೆ ಹಾಕಿ ಮರೆತರೂ ತಲೆ ಎತ್ತಿಕೊಂಡು ಬರುತ್ತದೆ. ಕ್ಯಾನೋಲಾ ಹಾಗಲ್ಲ. ಸಾಸಿವೆಯ ಬಳಗದ್ದು, ಸಾಸಿವೆಯಷ್ಟೇ ಬೀಜ. ಅದು ತನ್ನೊಳಗೆ ಕಟ್ಟಿಕೊಂಡು ಬಂದ ಬುತ್ತಿ ಒಂದು ಅಂಗುಲದ ದಾರಿಗೆ ಸಾಲುತ್ತದೆ, ಅದಕ್ಕಿಂತ ಹೆಚ್ಚಿನದಕ್ಕೆ ಸಾಲುವುದಿಲ್ಲ. ಅರ್ಧ ಅಂಗುಲ, ಮುಕ್ಕಾಲು, ಬಹಳ ಅಂದರೆ ಒಂದು. ಎರಡಕ್ಕೆ ಇಳಿಸಿದಿರೋ, ಮೊಳಕೆ ಒಡೆಯುತ್ತದೆ, ಹೊರಡುತ್ತದೆ, ನಡುದಾರಿಯಲ್ಲಿ ಬುತ್ತಿ ಮುಗಿದು ಅಲ್ಲೇ ಮಲಗುತ್ತದೆ. ಇಷ್ಟು ಸಣ್ಣ ವಿಷಯ ತಿಳಿಯುವುದಕ್ಕೆ ದೊಡ್ಡ ಓದು ಬೇಡ, ಮಂಡಿಯೂರಬೇಕು. ನಮ್ಮ ಊರಿನ ಗಂಡಸರು ಮಂಡಿಯೂರುವುದು ಇಗರ್ಜಿಯಲ್ಲಿ ಮಾತ್ರ, ಅದೂ ಹೆಂಡತಿ ಪಕ್ಕದಲ್ಲಿದ್ದರೆ.

ಕೋಬೆಲ್‌ಗಳ ಕೂರಿಗೆ ಅರವತ್ತು ಅಡಿ ಅಗಲದ್ದು, ಎಪ್ಪತ್ತೆರಡು ಕುಳ. ಮುಂದೆ ಟ್ರ್ಯಾಕ್ಟರಿನ ಕ್ಯಾಬಿನ್‌ನಲ್ಲಿ ಕೂತವನಿಗೆ ಬೀಜ ಎಷ್ಟು ಆಳಕ್ಕೆ ಹೋಯಿತು ಅಂತ ಕಾಣುವುದಿಲ್ಲ, ಅವನು ಎಷ್ಟು ಪರದೆ, ದೀಪ ಇಟ್ಟುಕೊಂಡಿರಲಿ. ಹಿಂದೆ ಒಬ್ಬರು ನಡೆಯಬೇಕು. ನಡೆದು, ಕೂತು, ಸಾಲಿಗೆ ಅಡ್ಡವಾಗಿ ಮಣ್ಣನ್ನು ಚಾಕುವಿನಿಂದ ಪದರ ಪದರವಾಗಿ ಕೆರೆದು, ನೀಲಿ ಔಷಧಿ ಹಚ್ಚಿದ ಆ ಪುಟ್ಟ ಬೀಜವನ್ನು ಹುಡುಕಿ, ಅಳೆದು, ಕೈ ಎತ್ತಿ ಹೇಳಬೇಕು. ಮದುವೆಯಾದ ಮೊದಲ ವಸಂತದಲ್ಲೇ ಮಾವ ಒರಿಸಿಯಾಳ ಕೈಗೆ ಅಡುಗೆಮನೆಯ ಒಂದು ಬೆಣ್ಣೆಚಾಕು ಕೊಟ್ಟು ಹೇಳಿದ್ದ, "ನೀನು ಕುಳ್ಳಿ, ನೆಲಕ್ಕೆ ಹತ್ತಿರ ಇದ್ದೀಯ. ಇದು ನಿನ್ನ ಕೆಲಸ." ಅವನು ತಮಾಷೆಗೆ ಹೇಳಿದ್ದು. ಆದರೆ ಆ ತಮಾಷೆ ಇಪ್ಪತ್ತಾರು ವಸಂತ ನಡೆಯಿತು. ಒಂದೊಂದು ವಸಂತಕ್ಕೆ ಮೂರು ಸಾವಿರ ಎಕರೆ. ಅವಳ ಎರಡೂ ಮಂಡಿ ಹಾಳಾದವು. ಊರಲ್ಲಿ ಅವಳಿಗೆ ಕೋಳಿ ಅಂತ ಹೆಸರು ಬಿತ್ತು, ನೆಲ ಕೆದರುವವಳು ಅಂತ. ಎದುರಿಗೇ ಕರೆಯುತ್ತಿದ್ದರು.

ಅವಳ ಗಂಡ ನೆಸ್ಟರ್ ಕೂರಿಗೆ ಓಡಿಸುತ್ತಿದ್ದಾಗ ಒಂದು ಮರ್ಯಾದೆ ಇತ್ತು. ಅವಳು ಹಿಂದಿನಿಂದ ಕೈ ಎತ್ತಿದರೆ ನಿಲ್ಲಿಸುತ್ತಿದ್ದ. ಅವಳು ಹೇಳಿದಷ್ಟು ತಿರುಪು ತಿರುಗಿಸಿ, ತುಟಿ ಪಿಟಕ್ಕೆನ್ನದೆ ಮತ್ತೆ ಹತ್ತುತ್ತಿದ್ದ. ಅವನಿಗೆ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋದ ಮೇಲೆ ಆ ಸೀಟಿಗೆ ಝೆನಾನ್ ಬಂದ. ಝೆನಾನ್‌ಗೆ ಎರಡು ಕಾಯಿಲೆ. ಒಂದು ವೇಗ. ಗಂಟೆಗೆ ನಾಲ್ಕು ಮೈಲಿಯಲ್ಲಿ ಹೋಗಬೇಕಾದ ಕಡೆ ಆರು ಹೋಗುತ್ತಿದ್ದ. ಹಾಗೆ ಹೋದರೆ ಹಿಂದಿನ ಸಾಲಿನ ಕುಳಗಳು ಮಣ್ಣನ್ನು ಎರಚಿ ಮುಂದಿನ ಸಾಲಿನ ಬೀಜದ ಮೇಲೆ ಇನ್ನೊಂದು ಅಂಗುಲ ಹೊದಿಸಿಬಿಡುತ್ತವೆ. ಇನ್ನೊಂದು ಕಾಯಿಲೆ, ಅಪ್ಪ. "ಅಪ್ಪ ತೇವ ಸಿಗೋವರೆಗೂ ಇಳಿಸ್ತಿದ್ದ" ಅಂತ ಪ್ರತಿ ವಸಂತವೂ ಹಾಡುತ್ತಿದ್ದ. ಅಪ್ಪ ಇಳಿಸುತ್ತಿದ್ದದ್ದು ಗೋಧಿಯನ್ನು. ಇದನ್ನು ಅವನಿಗೆ ಒರಿಸಿಯಾ ಎಷ್ಟು ಸಲ ಹೇಳಿದ್ದಳೋ, ಲೆಕ್ಕವಿಲ್ಲ. ಅವಳು ಹೇಳಿದಳು ಅನ್ನುವುದಕ್ಕೇ ಅವನು ಕೇಳುತ್ತಿರಲಿಲ್ಲ.

ಏಳು ವರ್ಷದ ಹಿಂದಿನ ಮೇ ತಿಂಗಳು ಒಣ ಬೂದಿಯಂತೆ ಬಂತು. ಚಳಿಗಾಲದಲ್ಲಿ ಹಿಮ ಸರಿಯಾಗಿ ಬಿದ್ದಿರಲಿಲ್ಲ, ಏಪ್ರಿಲ್‌ನಲ್ಲಿ ಒಂದು ಹನಿ ಇಲ್ಲ. ಮೇಲಿನ ಒಂದೂವರೆ ಅಂಗುಲ ಬರೀ ದೂಳು, ತೇವ ಅದರ ಕೆಳಗೆ. ಬೆಳಗಿನ ಊಟದ ಮೇಜಿನಲ್ಲಿ ಝೆನಾನ್ ಸಾಸೇಜು ಕೊಯ್ಯುತ್ತ ಹೇಳಿದ, "ಎರಡು ಅಂಗುಲಕ್ಕೆ ಇಳಿಸ್ತೀನಿ. ತೇವಕ್ಕೆ ಹಾಕ್ಬೇಕು."

"ಹಾಕು," ಅಂದಳು ಒರಿಸಿಯಾ. "ಶಿಲುಬೆನೂ ನೆಟ್ಟು ಬಾ. ಹೂಳೋದು ಅಂದ್ಮೇಲೆ ಪೂರ್ತಿ ಮಾಡ್ಬೇಕು."

"ನೀನು ಎಷ್ಟಕ್ಕೆ ಹಾಕ್ತೀಯ ಮಹಾರಾಣಿ?"

"ಮುಕ್ಕಾಲು."

"ಮುಕ್ಕಾಲಲ್ಲಿ ಏನಿದೆ? ದೂಳಿದೆ."

"ಇರ್ಲಿ. ದೂಳಲ್ಲಿ ಬೀಜ ಸಾಯಲ್ಲ, ಮಲಗಿರುತ್ತೆ. ಮಳೆ ಬಂದಾಗ ಏಳುತ್ತೆ. ನೀನು ಹಾಕೋ ಕಡೆ ಇವತ್ತೇ ಎದ್ದು, ದಾರಿಯಲ್ಲೇ ಸಾಯುತ್ತೆ."

"ಮಳೆ ಬರ್ದಿದ್ರೆ?"

"ಬರ್ದಿದ್ರೆ ನಿಂದೂ ಇಲ್ಲ, ನಂದೂ ಇಲ್ಲ."

ಝೆನಾನ್ ಚಾಕು ಕೆಳಗಿಟ್ಟ. "ಅಣ್ಣ, ಈ ಕೋಳಿನ ಗೂಡಿಗೆ ಹಾಕು. ಕೂರಿಗೆ ಓಡ್ಸೋನು ನಾನು."

ಲಕ್ವ ಹೊಡೆದ ಮೇಲೆ ನೆಸ್ಟರ್‌ಗೆ ಮಾತು ನಿಧಾನ. ಒಂದೊಂದು ಪದಕ್ಕೂ ಬಾಯಿ ಓರೆ ಮಾಡಿ ಹುಡುಕಬೇಕಿತ್ತು. ಹೆಂಡತಿಯ ಪರ ಮಾತಾಡುವ ಅಭ್ಯಾಸ ಅವನಿಗೆ ಕಾಲು ಚೆನ್ನಾಗಿದ್ದಾಗಲೂ ಇರಲಿಲ್ಲ, ಅದನ್ನು ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ತಮ್ಮನ ಪರವೂ ಆಡಲಿಲ್ಲ. ಚಹಾ ಕಲಕುತ್ತ ಅಂದ, "ರಸ್ತೆ ಪಕ್ಕದ್ದು. ಮುನ್ನೂರ ಇಪ್ಪತ್ತು ಎಕರೆ. ಅರ್ಧ ನೀನು. ಅರ್ಧ ಅವಳು. ಯಾರದ್ದು ಹೆಚ್ಚು ಬೆಳೆಯುತ್ತೋ, ಮುಂದಿನ ವರ್ಷದಿಂದ ಬಿತ್ತನೆ ಅವರ ಕೈಗೆ. ಇನ್ನೊಬ್ಬರು ಬಾಯಿ ಮುಚ್ಚಿಕೊಂಡು ಹಿಂದೆ ನಡೀಬೇಕು."

ಇಪ್ಪತ್ತಾರು ವರ್ಷದಲ್ಲಿ ಆ ಸೀಟನ್ನು ಒರಿಸಿಯಾಳಿಗೆ ಯಾರೂ ತೋರಿಸಿರಲಿಲ್ಲ. ಬೇಕು ಅಂತ ಬಾಯಿಬಿಟ್ಟು ಕೇಳಿದವಳೂ ಅಲ್ಲ, ಆದರೆ ಬೇಕಾಗಿತ್ತು. ಎಷ್ಟು ಬೇಕಾಗಿತ್ತು ಅನ್ನುವುದು ಅವಳಿಗೂ ಅವತ್ತೇ ಗೊತ್ತಾದದ್ದು. ಸೋತರೆ ಮಂಡಿ ಪೂರ್ತಿ ಸವೆದುಹೋಗುವವರೆಗೂ ಇವನ ಹಿಂದೆ ದೂಳು ಕುಡಿಯುತ್ತ ನಡೆಯಬೇಕು, ಅದೂ ಮಾತಾಡದೆ.

"ಆಗ್ಲಿ," ಅಂದಳು.

ದಕ್ಷಿಣದ ಅರ್ಧವನ್ನು ಝೆನಾನ್ ಒಂದೇ ದಿನದಲ್ಲಿ ಮುಗಿಸಿ ಸಿಳ್ಳೆ ಹಾಕುತ್ತ ಬಂದ. ಉತ್ತರದ ಅರ್ಧಕ್ಕೆ ಒರಿಸಿಯಾ ಎರಡು ದಿನ ತೆಗೆದುಕೊಂಡಳು. ಹಿಂದೆ ನಡೆಯುವವರು ಯಾರೂ ಇರಲಿಲ್ಲ. ಒಂದು ಸುತ್ತು ಹೋಗುವಳು, ನಿಲ್ಲಿಸುವಳು, ಕ್ಯಾಬಿನ್‌ನ ಏಣಿಯ ಮೆಟ್ಟಿಲುಗಳನ್ನು ಹಿಂದುಮುಂದಾಗಿ ಹಲ್ಲು ಕಚ್ಚಿಕೊಂಡು ಇಳಿಯುವಳು, ನಡೆದು ಹೋಗಿ ಎಡ ತುದಿ, ನಡು, ಬಲ ತುದಿ ಮೂರೂ ಕಡೆ ಕೆರೆದು ನೋಡುವಳು. ಎಡ ತುದಿಯಲ್ಲಿ ಒಂದೂಕಾಲು ಹೋಗುತ್ತಿತ್ತು. ಸರಿಮಾಡಿದಳು. ಮತ್ತೆ ಹತ್ತಿದಳು. ನಾಲ್ಕು ಮೈಲಿ ವೇಗ, ಅದರ ಮೇಲೆ ಕೂದಲೆಳೆ ಇಲ್ಲ. ರಸ್ತೆಯಲ್ಲಿ ಹೋಗುವವರು ಗಾಡಿ ನಿಧಾನ ಮಾಡಿ ಹಾರನ್ ಹೊಡೆದು ನಕ್ಕರು. ಅವಳು ಯಾರಿಗೂ ಕೈ ಬೀಸಲಿಲ್ಲ.

ಇನ್ನು ನಮ್ಮವರ ಒಂದು ಚಾಳಿ ಹೇಳಬೇಕು. ನಮ್ಮಲ್ಲಿ ಯಾರ ಹೊಲ ಹೇಗಿದೆ ಎಂದು ತೀರ್ಮಾನ ಆಗುವುದು ಹೊಲದಲ್ಲಲ್ಲ. ಪಿಕಪ್ ಗಾಡಿಯ ಗಾಜಿನಿಂದ ನೋಡಿ, ಬೆಳಗ್ಗೆ ಹತ್ತಕ್ಕೆ ಸಹಕಾರಿ ಅಂಗಡಿಯ ಕಾಫಿ ಮೇಜಿನ ಸುತ್ತ ಕೂತು ತೀರ್ಪು ಕೊಡುತ್ತಾರೆ. ಒಬ್ಬನೂ ಗಾಡಿಯಿಂದ ಇಳಿಯುವುದಿಲ್ಲ. ಇದು ಎಲ್ಲರಿಗೂ ಗೊತ್ತಿರುವುದರಿಂದ, ಎಲ್ಲರೂ ರಸ್ತೆ ಬದಿಯ ಎರಡು ಸುತ್ತನ್ನು ಮದುಮಗಳ ಹಾಗೆ ಸಿಂಗರಿಸಿ, ಒಳಗೆ ಹೇಗೋ ಹಾಗೆ ಬಿತ್ತುತ್ತಾರೆ. ಕೊನೆಗೆ ತಮ್ಮ ಹೊಲವನ್ನೂ ತಾವೇ ರಸ್ತೆಯಿಂದ ನೋಡಿ ನಂಬಿಬಿಡುತ್ತಾರೆ. ಇಂಥ ಮೂರ್ಖತನ ಬೇರೆ ಎಲ್ಲಾದರೂ ಇದೆಯೋ ಇಲ್ಲವೋ, ನನಗೆ ತಿಳಿಯದು. ಝೆನಾನ್ ಕೂಡ ರಸ್ತೆ ಬದಿಯ ಎರಡು ಸುತ್ತನ್ನು ಆಳಕ್ಕಿಳಿಸದೆ, ನಿಧಾನವಾಗಿ ಹಾಕಿದ್ದ. ಅವನ ಅರ್ಧದ ಎದುರಿಗೆ ಅವರಪ್ಪ ನೆಟ್ಟ ಬೇಲಿಗಿಡಗಳ ಸಾಲಿತ್ತು. ಚಳಿಗಾಲದಲ್ಲಿ ಗಾಳಿ ತಂದ ಹಿಮವೆಲ್ಲ ಅಲ್ಲೇ ಗುಡ್ಡೆಯಾಗಿ ಕರಗಿ, ಆ ಪಟ್ಟಿಯಲ್ಲಿ ಮಾತ್ರ ತೇವ ಮೇಲಕ್ಕೇ ಇತ್ತು. ಒರಿಸಿಯಾಳ ಅರ್ಧದ ಎದುರಿಗೆ ಬೇಲಿ ಇರಲಿಲ್ಲ.

ಎಂಟನೇ ದಿನ ಝೆನಾನ್‌ನ ರಸ್ತೆ ಬದಿ ಹಸಿರಾಯಿತು. ಹನ್ನೆರಡನೇ ದಿನಕ್ಕೆ ಸಾಲು ಸಾಲಾಗಿ ಕಣ್ಣಿಗೆ ಹಬ್ಬ. ಒರಿಸಿಯಾಳ ನೂರ ಅರವತ್ತು ಎಕರೆ ಬೋಳು. ಹದಿನೈದನೇ ದಿನವೂ ಬೋಳು.

ಅವಳು ಯೀಸ್ಟ್ ತರಲು ಅಂಗಡಿಗೆ ಹೋಗಿದ್ದಾಗ ಕಾಫಿ ಮೇಜಿನಿಂದ ಪನಾಸ್ ಮುದುಕ ಕೂಗಿದ. ಪನಾಸ್ ಅಂದರೆ ಆ ಮೇಜಿನ ನ್ಯಾಯಾಧೀಶ. ಎಂಬತ್ತು ದಾಟಿತ್ತು, ಹೊಲ ಮಾರಿ ಹತ್ತು ವರ್ಷವಾಗಿತ್ತು, ತೀರ್ಪು ಕೊಡುವುದನ್ನು ಮಾತ್ರ ಮಾರಿರಲಿಲ್ಲ.

"ಏನಮ್ಮ ಕೋಳಿ, ಮೊಟ್ಟೆ ಎಲ್ಲಿಟ್ಟೆ ಅಂತ ಮರೆತುಬಿಟ್ಟೆಯಾ?"

ಮೇಜು ಗೊಳ್ಳೆಂದಿತು. ಅಲ್ಲೇ ಕೂತಿದ್ದ ಝೆನಾನ್ ನಗಲಿಲ್ಲ, ದೊಡ್ಡ ಮನುಷ್ಯನ ಹಾಗೆ ಕಾಫಿ ಊದಿದ.

"ಪನಾಸ್ ತಾತ," ಅಂದಳು ಒರಿಸಿಯಾ, "ಝೆನಾನ್ ಹೊಲದೊಳಕ್ಕೆ ಇನ್ನೂರು ಹೆಜ್ಜೆ ನಡೆದು ನೋಡಿದ್ದೀರಾ?"

"ನಡೆಯೋದ್ಯಾಕೆ? ಕಣ್ಣಿಲ್ವಾ ನಮಗೆ?"

"ಕಣ್ಣಿದೆ ತಾತ. ಕುಂಡಿ ಭಾರ ಆಗಿದೆ."

ಯೀಸ್ಟ್ ಮರೆತು ಹೊರಗೆ ಬಂದಳು. ಗಾಡಿಯಲ್ಲಿ ಕೂತು ಬಾಗಿಲು ಹಾಕಿಕೊಂಡ ಮೇಲೆ ಅವಳಿಗೆ ನಿಜಕ್ಕೂ ಹೆದರಿಕೆಯಾಯಿತು. ಅವಳು ದಿನಾ ಹೋಗಿ ಕೆರೆದು ನೋಡುತ್ತಿದ್ದಳು. ಬೀಜ ಗುಂಡಗೆ, ನೀಲಿಯಾಗಿ, ಹಾಕಿದ ಹಾಗೆಯೇ ಮಲಗಿತ್ತು. ಸತ್ತಿರಲಿಲ್ಲ. ಆದರೆ ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ತಡವಾಗಿ ಎದ್ದರೆ ಸೆಪ್ಟೆಂಬರ್‌ನ ಇಬ್ಬನಿ ಹೆಪ್ಪುಗಟ್ಟಿ ಕಾಯಿ ಹಸಿರಲ್ಲೇ ಸಾಯುತ್ತದೆ ಅನ್ನುವುದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನನ್ನದೇ ತಪ್ಪಾಗಿದ್ದರೆ? ಅಂತ ಅವಳು ತನ್ನನ್ನೇ ಕೇಳಿಕೊಂಡಳು. ಝೆನಾನ್ ಈ ಪ್ರಶ್ನೆಯನ್ನು ಹುಟ್ಟಿದಾಗಿನಿಂದ ಒಂದು ಸಲವೂ ಕೇಳಿಕೊಂಡವನಲ್ಲ, ಅದು ನೆನಪಾಗಿ ಅವಳಿಗೆ ಹೆದರಿಕೆಗಿಂತ ಸಿಟ್ಟು ಹೆಚ್ಚಾಯಿತು.

ಹತ್ತೊಂಬತ್ತನೇ ದಿನ, ಜೂನ್ ಎರಡು, ಝೆನಾನ್ ಯಾರಿಗೂ ಹೇಳದೆ ಕೂರಿಗೆಯನ್ನು ರಸ್ತೆಗಿಳಿಸಿದ. ಹಿಂದಿನ ತೊಟ್ಟಿಯಲ್ಲಿ ಹೊಸ ಬೀಜ. ಒರಿಸಿಯಾಳ ಬೋಳು ಅರ್ಧವನ್ನು ಮರುಬಿತ್ತನೆ ಮಾಡುವುದು ಅವನ ಯೋಚನೆ. ಹೊಸ ಕುಳ ಹೋದರೆ ಮಲಗಿದ ಬೀಜವೆಲ್ಲ ಕಲಸಿ ಹಾಳಾಗುತ್ತಿತ್ತು, ಪಂದ್ಯವೂ ಅಲ್ಲಿಗೇ ಮುಗಿಯುತ್ತಿತ್ತು. ಅಡುಗೆಮನೆ ಕಿಟಕಿಯಿಂದ ಅದನ್ನು ಕಂಡವಳು ಏಪ್ರನ್ ಬಿಚ್ಚದೆ ಪಿಕಪ್ ಹತ್ತಿ, ಅಡ್ಡದಾರಿಯಲ್ಲಿ ಹೋಗಿ, ಹೊಲದ ಬಾಯಿಗೆ ಗಾಡಿ ಅಡ್ಡ ನಿಲ್ಲಿಸಿದಳು. ಅರವತ್ತು ಅಡಿ ಕೂರಿಗೆ ಮಡಚಿಕೊಂಡು ಬಂದು ಮೂಗಿಗೆ ಮೂಗು ತಾಗುವ ಹಾಗೆ ನಿಂತಿತು.

"ಗಾಡಿ ತೆಗಿ!" ಝೆನಾನ್ ಕ್ಯಾಬಿನ್ ಬಾಗಿಲು ತೆರೆದು ಕಿರುಚಿದ.

"ತೆಗೆಯಲ್ಲ."

"ಊರೆಲ್ಲ ನಗ್ತಿದೆ. ನಮ್ಮ ಮನೆ ಹೆಸರು ಹಾಳುಮಾಡ್ತಿದ್ದೀಯ. ತೆಗಿ ಅಂದೆ!"

"ನಿಮ್ಮ ಮನೆ ಹೆಸರಾ? ನಿಮ್ಮನೇಲಿ ಇಪ್ಪತ್ತಾರು ವರ್ಷ ಮೊಳಕಾಲೂರಿದವರು ಯಾರು? ನಿನ್ನ ಹೆಸರು ನಿನ್ನ ರಸ್ತೆ ಬದಿಯಲ್ಲಿದೆ, ಎರಡು ಸುತ್ತು ಅಗಲ. ಅದರಿಂದಾಚೆ ಏನಿದೆ ತೋರ್ಸು ಬಾ."

"ನಿನಗೆ ತಲೆ ಕೆಟ್ಟಿದೆ."

"ಬಾರೋ. ಇಳಿ. ಒಂದು ಸಲ ನೆಲಕ್ಕೆ ಕಾಲಿಡು."

ಇಳಿಯಲಿಲ್ಲ. ಬಾಗಿಲು ಹಾಕಿಕೊಂಡು ಎಂಜಿನ್ ಗುರ್ರೆನ್ನಿಸಿದ. ಒರಿಸಿಯಾ ಗಾಡಿಯ ಬೀಗದಕೈ ತೆಗೆದು ಏಪ್ರನ್ ಜೇಬಿಗೆ ಹಾಕಿಕೊಂಡಳು. ಅರ್ಧ ಮೈಲಿ ಕುಂಟುತ್ತ ಮನೆಗೆ ನಡೆದು, ನೆಸ್ಟರ್‌ನನ್ನು ಕುರ್ಚಿಯಿಂದ ಎಬ್ಬಿಸಿ, ಅವನ ಕೋಲು ಕೈಗೆ ಕೊಟ್ಟು, ಧಾನ್ಯದ ಲಾರಿಯೊಳಗೆ ಹೇಗೋ ದೂಡಿ ಕೂರಿಸಿದಳು. ಅವನು "ಏನು, ಏನು" ಅನ್ನುತ್ತಲೇ ಇದ್ದ. ಅವಳು ಲಾರಿಯನ್ನು ಝೆನಾನ್‌ನ ಅರ್ಧದೊಳಕ್ಕೆ ನುಗ್ಗಿಸಿದಳು, ಹಸಿರು ಪಟ್ಟಿಯನ್ನು ತುಳಿದುಕೊಂಡು, ಒಳಕ್ಕೆ, ಇನ್ನೂ ಒಳಕ್ಕೆ, ಹೊಲದ ಹೊಟ್ಟೆಯ ತನಕ. ಇದನ್ನು ಕಂಡು ಝೆನಾನ್ ಕೊನೆಗೂ ಕ್ಯಾಬಿನ್‌ನಿಂದ ಇಳಿದು ಓಡಿ ಬಂದ.

ಅಲ್ಲಿ ರಸ್ತೆಯಿಂದ ಕಾಣುವ ಹಸಿರು ಇರಲಿಲ್ಲ. ಅಲ್ಲೊಂದು ಇಲ್ಲೊಂದು ಗಿಡ, ಅವುಗಳಲ್ಲೂ ಅರ್ಧದ ಎಲೆಗಳನ್ನು ಕರಿ ಚಿಗಟದಂಥ ಹುಳು ತೂತು ತೂತು ಮಾಡಿತ್ತು. ತಡೆದು ತಡೆದು ಮೇಲೆ ಬಂದ ಬಡಕಲು ಸಸಿಗೆ ಹುಳುವನ್ನು ತಾಳುವ ಶಕ್ತಿ ಎಲ್ಲಿಂದ ಬರಬೇಕು? ಒರಿಸಿಯಾ ಪೈಪ್ ಬಗ್ಗಿಸಿ ಮಾಡಿದ ಬಳೆಯನ್ನು ನೆಲಕ್ಕೆಸೆದಳು. ಒಳಗೆ ಸಿಕ್ಕ ಗಿಡ ಎಣಿಸಲೆಂದು ಇಟ್ಟುಕೊಂಡ ಒಂದು ಚದರಡಿ ಬಳೆ.

"ಎಣಿಸು," ಅಂದಳು ಗಂಡನಿಗೆ.

ನೆಸ್ಟರ್ ಕೋಲೂರಿ ಬಗ್ಗಿದ. "ಒಂದು," ಅಂದ.

ಮತ್ತೆ ಎಸೆದಳು. "ಎರಡು." ಮತ್ತೆ. ಅಲ್ಲಿ ಏನೂ ಇರಲಿಲ್ಲ.

"ಎಷ್ಟಿರ್ಬೇಕು?"

"ಆರು," ಅಂದ ನೆಸ್ಟರ್. ಅವನಿಗೆ ಗೊತ್ತಿತ್ತು. ಗೊತ್ತಿದ್ದವರು ಸುಮ್ಮನಿರುವುದೇ ನಮ್ಮ ಕಡೆಯ ದೊಡ್ಡ ರೋಗ.

ಅವಳು ಮಂಡಿಯೂರಿದಳು, ನೋವಿಗೆ ಮುಲುಗಿ, ಸಾಲಿಗೆ ಅಡ್ಡವಾಗಿ ಕೆರೆದಳು. ಒಂದು ಅಂಗುಲ ಕೆಳಗೆ ಸಿಕ್ಕವು. ಬೆಳ್ಳಗೆ, ದಾರದ ತುಂಡುಗಳ ಹಾಗೆ, ತಲೆ ಬಗ್ಗಿಸಿಕೊಂಡು, ಮೇಲಕ್ಕೆ ಬರಲು ಹೊರಟು ಅಲ್ಲೇ ಒಣಗಿದ ಮೊಳಕೆಗಳು. ಒಂದು ಅಂಗೈಯಗಲದಲ್ಲಿ ನಾಲ್ಕು. ಅವುಗಳ ಬುಡ ಇನ್ನೂ ಒಂದೂಕಾಲು ಅಂಗುಲ ಕೆಳಗಿತ್ತು. ಅವನ್ನೆತ್ತಿ ಗಂಡನ ಒಳ್ಳೆಯ ಕೈಯಲ್ಲಿ ಇಟ್ಟಳು.

"ಇವು ಏಳ್ಲಿಲ್ಲ ಅಂತಲ್ಲ," ಅಂದಳು. "ಎದ್ದವು. ಇವನು ಬರೋಕೆ ಬಿಡ್ಲಿಲ್ಲ."

ಝೆನಾನ್ ಏದುಸಿರು ಬಿಡುತ್ತ ನಿಂತಿದ್ದ. "ಮಳೆ ಬರ್ಲಿಲ್ಲ, ಅದಕ್ಕೆ ಹಂಗಾಗಿದೆ. ಅವಳದ್ದಂತೂ ಒಂದೂ ಇಲ್ವಲ್ಲ! ಅದನ್ನ ಎಣಿಸ್ತೀಯಾ?"

ನೆಸ್ಟರ್ ಕೈಯಲ್ಲಿದ್ದ ಬಿಳಿ ದಾರಗಳನ್ನೇ ನೋಡುತ್ತಿದ್ದ. ಬಾಯಿ ಓರೆಯಾಯಿತು, ಪದ ಸಿಗಲು ಹೊತ್ತಾಯಿತು. "ಕೂರಿಗೆ... ಮನೆಗೆ ತಗೊಂಡ್ಹೋಗು."

"ನೀನೂ ಹೆಂಡ್ತಿ ಹೇಳಿದ ಹಾಗೆ ಕುಣಿಯೋನಾದೆ."

"ಮನೆಗೆ," ಅಂದ ನೆಸ್ಟರ್.

ಝೆನಾನ್ ನೆಲಕ್ಕೆ ಉಗಿದು ಹೋದ. ಅವತ್ತಿನಿಂದ ಅವನು ಅವರ ಮೇಜಿಗೆ ಊಟಕ್ಕೆ ಬರಲಿಲ್ಲ. ಹಳೆಯ ಮನೆಯಲ್ಲಿ ಡಬ್ಬಿ ತೆರೆದು ತಿನ್ನುತ್ತಿದ್ದ. ಒರಿಸಿಯಾ ಒಂದು ತಟ್ಟೆ ಕಡಿಮೆ ತೊಳೆದಳು, ಅದರ ಬಗ್ಗೆ ಅವಳಿಗೆ ಏನೇನೂ ಬೇಸರವಾಗಲಿಲ್ಲ.

ಆರು ದಿನದ ಮೇಲೆ ಮಳೆ ಬಂತು. ಮಧ್ಯಾಹ್ನ ಪಶ್ಚಿಮದಲ್ಲಿ ಕಪ್ಪಾಗಿ, ಒಂದು ಗಂಟೆ ಬಡಿದು, ಆಮೇಲೆ ಎರಡು ದಿನ ಹನಿ ಹನಿಯಾಗಿ ಸುರಿಯಿತು. ಒರಿಸಿಯಾ ಹಿಟ್ಟಿನ ಕೈಯಲ್ಲೇ ಹೊಸ್ತಿಲಲ್ಲಿ ನಿಂತು ನೋಡಿದಳು. ನಗಲಿಲ್ಲ, ದೇವರಿಗೂ ಏನೂ ಹೇಳಲಿಲ್ಲ. "ಇಷ್ಟು ಹೊತ್ತು ಬೇಕಾಗಿತ್ತಾ?" ಅಂದಳು ಅಷ್ಟೇ. ಐದನೇ ದಿನ ಉತ್ತರದ ಅರ್ಧ ಒಂದೇ ಸಲಕ್ಕೆ ಎದ್ದಿತು, ಮೂಲೆಯಿಂದ ಮೂಲೆಗೆ, ಒಂದೇ ಎತ್ತರಕ್ಕೆ. ಬಳೆಯಲ್ಲಿ ಏಳು, ಏಳು, ಎಂಟು, ಆರು. ಹುಳು ಬಂತು. ಆದರೆ ಗಿಡ ಅದಕ್ಕಿಂತ ಬೇಗ ಬೆಳೆಯಿತು. ಝೆನಾನ್‌ನ ಅರ್ಧದಲ್ಲಿ ಜೋರು ಮಳೆ ಮಣ್ಣಿನ ಮೇಲೆ ಹಪ್ಪಳದಂಥ ಪದರ ಕಟ್ಟಿತು. ಬದುಕಿ ಉಳಿದಿದ್ದ ಸ್ವಲ್ಪ ಮೊಳಕೆಗಳಲ್ಲಿ ಹೆಚ್ಚಿನವು ಅದರ ಕೆಳಗೇ ಉಸಿರುಗಟ್ಟಿದವು. ಬಂದವು ಹಿಂದುಮುಂದಾಗಿ ಬಂದವು. ಜುಲೈನಲ್ಲಿ ಒರಿಸಿಯಾಳ ಹೊಲ ಪೂರ್ತಿ ಹಳದಿಯಾಗಿ ಕಣ್ಣು ಕೋರೈಸುವಾಗ ಅವನದ್ದು ಒಂದು ಕಡೆ ಹೂ, ಒಂದು ಕಡೆ ಕಾಯಿ, ಒಂದು ಕಡೆ ಬರೀ ಕಳೆ.

ಒಂಟಿ ಗಿಡಕ್ಕೆ ಜಾಗ ಸಿಕ್ಕಿದರೆ ಅದು ಕವಲೊಡೆದು ದಪ್ಪಗಾಗುತ್ತದೆ ನಿಜ, ಕ್ಯಾನೋಲಾದ ಆ ಗುಣ ಅದೆಷ್ಟು ಸೋಮಾರಿಗಳ ಮಾನ ಕಾಪಾಡಿದೆಯೋ. ಝೆನಾನ್ ಅದನ್ನೇ ನಂಬಿಕೊಂಡಿದ್ದ. "ಕೊಯ್ಲಲ್ಲಿ ನೋಡಿ" ಅಂತ ಮೇಜಿನಲ್ಲಿ ಹೇಳುತ್ತಿದ್ದನಂತೆ. ಕೊಯ್ಲಿನಲ್ಲಿ ನೋಡಿದರು. ಸೆಪ್ಟೆಂಬರ್ ಕೊನೆಯ ವಾರ, ಕೊಯ್ಲು ಯಂತ್ರದಿಂದ ಲಾರಿ, ಲಾರಿಯಿಂದ ತೂಕದ ಹಲಗೆ. ಒರಿಸಿಯಾಳದ್ದು ಎಕರೆಗೆ ಮೂವತ್ತೊಂಬತ್ತು ಬುಶೆಲ್. ಝೆನಾನ್‌ನದ್ದು ಇಪ್ಪತ್ನಾಲ್ಕು, ಅದರಲ್ಲೂ ಒಡೆದು ನೋಡಿದರೆ ಬಲಿಯದ ಹಸಿರು ಕಾಳು ಬೇಕಾದಷ್ಟು.

ಪನಾಸ್ ಮುದುಕ ತೀರ್ಪು ಬದಲಿಸಲಿಲ್ಲ. "ಮಳೆ ಅವಳ ಕಡೆಗಿತ್ತು," ಅಂದ.

"ಒಂದೇ ಹೊಲ, ಒಂದೇ ಮೋಡ," ಅಂದಳು ಒರಿಸಿಯಾ. ಈ ಸಲ ಅವಳು ಕುರ್ಚಿ ಎಳೆದುಕೊಂಡು ಅದೇ ಮೇಜಿಗೆ ಕೂತಿದ್ದಳು. ಗಂಡಸರು ಲೋಟ ಸರಿಸಿಕೊಂಡು ಜಾಗ ಬಿಟ್ಟರು, ಬಿಡದೆ ಏನು ಮಾಡುತ್ತಾರೆ. "ಮಳೆ ಏನು ಹೆಸರು ಕೇಳ್ಕೊಂಡು ಬಿತ್ತಾ ತಾತ?"

"ಆದ್ರೂ," ಅಂದ ಪನಾಸ್, "ರಸ್ತೆಯಿಂದ ಅವನದ್ದೇ ಚೆಂದ ಕಾಣ್ತಿತ್ತು."

ನೆಸ್ಟರ್ ಮಾತು ತಪ್ಪಲಿಲ್ಲ. ಬಿತ್ತನೆ ಒರಿಸಿಯಾಳದ್ದು, ಝೆನಾನ್ ಹಿಂದೆ ನಡೆಯಬೇಕು ಅಂತ ಹೇಳಿಸಿದ. ಝೆನಾನ್ ಉತ್ತರವನ್ನು ವಕೀಲನ ಕೈಯಲ್ಲಿ ಕಳಿಸಿದ. ಜಮೀನು ಪಾಲಾಗಬೇಕು, ಅವನ ಅರ್ಧ ಅವನಿಗೆ. ಕ್ರಿಸ್‌ಮಸ್ ಹಿಂದಿನ ಸಂಜೆ ಹನ್ನೆರಡು ಬಗೆಯ ಅಡುಗೆ ಇಟ್ಟು ಕೂತಾಗ ನೆಸ್ಟರ್ ಬಾಗಿಲ ಕಡೆ ನೋಡುತ್ತಲೇ ಇದ್ದ. ಅಂಗಳದ ಆಚೆ ಹಳೆಯ ಮನೆಯ ದೀಪ ಉರಿಯುತ್ತಿತ್ತು. ಒರಿಸಿಯಾಳಿಗೆ ಗಂಡನನ್ನು ಕಂಡು ಹೊಟ್ಟೆ ಉರಿಯಿತು, ಮೈದುನನನ್ನು ನೆನೆದು ಇನ್ನೂ ಹೆಚ್ಚು ಉರಿಯಿತು. ಹೋಗಿ ಕರೆಯಲಿಲ್ಲ. ಮಾರ್ಚ್ ಒಳಗೆ ಪಾಲಾಯಿತು. ರಸ್ತೆ ಪಕ್ಕದ ಹೊಲದಲ್ಲಿ ದಕ್ಷಿಣದ ಅರ್ಧ ಅವನಿಗೆ ಹೋಯಿತು, ನಡುವೆ ಕಬ್ಬಿಣದ ಗೂಟಗಳು ಬಂದವು. ಅವನು ಎಲ್ಲೋ ಹರಾಜಿನಲ್ಲಿ ಒಂದು ಕೂರಿಗೆ ಹಿಡಿದು ತಂದ.

ಆ ವಸಂತ ಹಿಂದಿನದರ ಹಾಗಿರಲಿಲ್ಲ. ಹಿಮ ಧಾರಾಳವಾಗಿ ಬಿದ್ದಿತ್ತು, ನೆಲ ಮೇಲಿನಿಂದಲೇ ಕಪ್ಪಗೆ, ತಣ್ಣಗೆ, ಹಿಡಿದರೆ ಉಂಡೆ ಕಟ್ಟುವ ಹಾಗಿತ್ತು. ಆಳಕ್ಕೆ ಹೋಗಲು ಯಾರಿಗೂ ಯಾವ ನೆಪವೂ ಇರಲಿಲ್ಲ. ಒರಿಸಿಯಾ ತನ್ನ ಅರ್ಧವನ್ನು ಮುಕ್ಕಾಲು ಅಂಗುಲಕ್ಕೆ ಮುಗಿಸಿ, ಕೂರಿಗೆ ಮಡಚಿ, ರಸ್ತೆಗೆ ಬಂದಳು. ಗೂಟಗಳ ಆಚೆ ಝೆನಾನ್ ಬಿತ್ತುತ್ತಿದ್ದ. ಅವನ ಹಿಂದೆ ಯಾರೂ ಇರಲಿಲ್ಲ. ಅವನ ವೇಗ ನೋಡಿದಳು, ನಾಲ್ಕು ಮೈಲಿ. ಎಲಾ, ಕಲಿತನೇ? ಅನಿಸಿತು. ಆಮೇಲೆ ಕುಳಗಳು ಎಬ್ಬಿಸುತ್ತಿದ್ದ ಮಣ್ಣಿನ ಬಣ್ಣ ನೋಡಿದಳು. ಅಷ್ಟು ಕಪ್ಪು ಮಣ್ಣು ಮೇಲಿನಿಂದ ಬರುವುದಿಲ್ಲ.

ನೋಡಿಯೂ ನೋಡದ ಹಾಗೆ ಹೋಗಬಹುದಿತ್ತು. ಅವಳಿಂದ ಆಗಲಿಲ್ಲ. ಇಳಿದು, ಗೂಟ ದಾಟಿ, ಅವನ ಹೊಸ ಸಾಲಿನ ಮೇಲೆ ಮಂಡಿಯೂರಿ ಬೆರಳಿನಿಂದಲೇ ಕೆದಕಿದಳು. ಒಂದು ಅಂಗುಲದಲ್ಲಿ ಬೀಜ ಇಲ್ಲ. ಒಂದೂವರೆಯಲ್ಲಿ ಇಲ್ಲ. ಎರಡೂಕಾಲಿನಲ್ಲಿ ಸಿಕ್ಕಿತು. ಪಕ್ಕದ ಸಾಲು ನೋಡಿದಳು, ಅದರ ಪಕ್ಕದ್ದೂ ನೋಡಿದಳು. ಎಲ್ಲ ಎರಡೂಕಾಲು, ಅಳೆದಿಟ್ಟ ಹಾಗೆ. ತಿರುಪು ಸಡಿಲವಾಗಿ ಹಾಗಾದರೆ ಒಂದೊಂದು ಸಾಲು ಒಂದೊಂದು ಥರ ಇರುತ್ತದೆ.

ಝೆನಾನ್ ಸುತ್ತು ತಿರುಗಿ ಬರುತ್ತಿದ್ದ. ಅವಳು ಎದ್ದು ನಿಂತು ಎರಡೂ ಕೈ ಎತ್ತಿದಳು. ಟ್ರ್ಯಾಕ್ಟರ್ ನಿಂತಿತು. ಅವನು ಬಾಗಿಲು ತೆರೆದು ಮೇಲಿನಿಂದ ನೋಡಿದ. ಒಂದು ವರ್ಷದಲ್ಲಿ ಅವರಿಬ್ಬರು ಮಾತಿಗೆ ನಿಂತದ್ದು ಅದೇ ಮೊದಲು.

"ಝೆನಾನ್, ಎರಡೂಕಾಲು ಹೋಗ್ತಿದೆ," ಅಂದಳು. ದನಿಯಲ್ಲಿ ಜಗಳ ಇರಲಿಲ್ಲ, ಇಪ್ಪತ್ತಾರು ವರ್ಷ ಹೇಳಿದ ದನಿಯೇ. "ಎಲ್ಲ ಸಾಲೂ. ಮೇಲೆ ತೇವ ಇದೆ ಕಣೋ, ಎತ್ತಿಕೋ."

"ಗೊತ್ತು ಅತ್ತಿಗೆ," ಅಂದ ಝೆನಾನ್. "ನಾನೇ ಅಳೆದು ಇಟ್ಟಿದ್ದು."

ಬಾಗಿಲು ಹಾಕಿಕೊಂಡ. ಕೂರಿಗೆ ಅವಳನ್ನು ಬಳಸಿಕೊಂಡು ಮುಂದೆ ಹೋಯಿತು. ಒರಿಸಿಯಾ ಮಣ್ಣಿನ ಕೈ ಒರೆಸಿಕೊಂಡು ಗೂಟ ದಾಟಿ ಹಿಂದಕ್ಕೆ ಬಂದಳು. ಅವನಿಗೆ ಎಲ್ಲ ಗೊತ್ತಿತ್ತು, ಅವಳು ಹೇಳಿದ್ದೆಲ್ಲ ಸರಿ ಅಂತಲೂ ಗೊತ್ತಿತ್ತು. ಅವಳ ಮಾತಿನಂತೆ ಬೆಳೆಯುವುದಕ್ಕಿಂತ ತನ್ನ ಬೆಳೆಯನ್ನು ತಾನೇ ಹೂಳುವುದು ಅವನಿಗೆ ವಾಸಿಯಾಗಿತ್ತು. ಉಳಿದ ನೂರೈವತ್ತು ಎಕರೆಯನ್ನೂ ಅವನು ಸಂಜೆಯೊಳಗೆ ಅಷ್ಟೇ ಆಳಕ್ಕೆ ಹೂತು ಮುಗಿಸಿದ.